ಕೆಂಧೂಳಿನ ಊರಲ್ಲಿ ಗಾಜಿನ ಕ್ಯಾಪಿಲರಿ: ಎಕ್ಸ್-ರೇ ಲೆನ್ಸ್ ಕೂರಿಸಿ, ಅಳೆದು, ಕಾಪಾಡಿಕೊಳ್ಳುವ ಬಗೆ

ಸಂಡೂರು ಬೆಟ್ಟಸಾಲಿನ ಕಡೆಯಿಂದ ಬಂದಿದ್ದ ಕಲ್ಲು. ಕಬ್ಬಿಣದ ಕಪ್ಪು ಪಟ್ಟೆ, ಅದರ ಪಕ್ಕ ಬೆಳ್ಳಗಿನ ಸಿಲಿಕಾ ಪಟ್ಟೆ, ನಡುವೆ ಮ್ಯಾಂಗನೀಸ್‌ನ ಒಂದು ತೆಳು ಗೆರೆ. ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿರುವ, ಎಕ್ಸ್-ರೇ ಬಿದ್ದಾಗ ಒಂದೊಂದು ಧಾತುವೂ ಹೊಮ್ಮಿಸುವ ತನ್ನದೇ ಶಕ್ತಿಯ ಕಿರಣದಿಂದ ಅದನ್ನು ಗುರುತಿಸುವ ಮೈಕ್ರೋ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಅದರ ನಕ್ಷೆ ತೆಗೆದು, ಗೆರೆಯ ಅಗಲ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಎಂದು ವರದಿ ಕೊಟ್ಟೆ. ಮೂರನೇ ದಿನ ಆ ಕಡೆಯ ಭೂವಿಜ್ಞಾನಿ ಫೋನ್ ಮಾಡಿದರು. "ಸರ್, ನಿಮ್ಮ ಪಟದಾಗ ಐವತ್ತು ಐತಿ. ನಮ್ಮ ಮೈಕ್ರೋಸ್ಕೋಪಿನಾಗ ನೋಡಿದ್ರ ಇಪ್ಪತ್ತು ದಾಟಂಗಿಲ್ಲ. ಯಾವುದು ನಂಬಬೇಕ್ರಿ?"

ನಂಬಬೇಕಾದದ್ದು ಅವರ ಮೈಕ್ರೋಸ್ಕೋಪನ್ನೇ. ನಾನು ಅಳೆದದ್ದು ಮ್ಯಾಂಗನೀಸ್ ಗೆರೆಯನ್ನಲ್ಲ, ನನ್ನ ಕಿರಣದ ಚುಕ್ಕೆಯನ್ನು. ಯಂತ್ರದ ಕೈಪಿಡಿಯಲ್ಲಿ "ಚುಕ್ಕೆ 20 ಮೈಕ್ರಾನ್" ಎಂದು ಅಚ್ಚಾಗಿತ್ತು, ಅದೇನೂ ಸುಳ್ಳಲ್ಲ. ಯಾವ ಶಕ್ತಿಯ ಕಿರಣಕ್ಕೆ 20 ಎಂಬುದನ್ನು ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದರು, ಅದನ್ನು ನಾನು ಓದಿರಲಿಲ್ಲ, ಅಷ್ಟೆ. ಕ್ಯಾಪಿಲರಿ ಲೆನ್ಸ್ (ಎಕ್ಸ್-ರೇಯನ್ನು ಒಂದು ಚುಕ್ಕೆಗೆ ಕೂಡಿಸುವ ಗಾಜಿನ ಕೊಳವೆ) ಇರುವ ಇಂಥ ಯಂತ್ರವನ್ನು ಮೊದಲ ಸಲ ಮುಟ್ಟುತ್ತಿರುವವರು ಅದೇ ಗುಂಡಿಗೆ ಬೀಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಲೆನ್ಸ್ ಒಳಗೆ ಏನಾಗುತ್ತದೆ

ರಾಂಟ್ಜೆನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದಾಗಲೇ ಅದನ್ನು ಲೆನ್ಸಿನಿಂದ ಒಂದೆಡೆ ಕೂಡಿಸಲು ನೋಡಿ ಕೈಬಿಟ್ಟಿದ್ದರು. ಕನ್ನಡಕದ ಗಾಜು ಬೆಳಕನ್ನು ಬಗ್ಗಿಸುವಂತೆ ಎಕ್ಸ್-ರೇಯನ್ನು ಬಗ್ಗಿಸುವುದಿಲ್ಲ. ಎಕ್ಸ್-ರೇಗೆ ಗಾಜಿನ ವಕ್ರೀಭವನಾಂಕ 1ಕ್ಕಿಂತ ತುಸುವೇ ಕಡಿಮೆ. ಆ ವ್ಯತ್ಯಾಸ ಲಕ್ಷಕ್ಕೆ ಒಂದು, ಹತ್ತು ಲಕ್ಷಕ್ಕೆ ಒಂದರ ಲೆಕ್ಕದ್ದು. ಆದರೆ ಆ ತುಸು ಕಡಿಮೆಯಲ್ಲೇ ಒಂದು ಅನುಕೂಲ ಅಡಗಿದೆ. ಕಿರಣ ಗಾಜಿನ ಮೈಯನ್ನು ತೀರಾ ಓರೆಯಾಗಿ ಸವರಿದರೆ ಒಳಗೆ ಇಳಿಯದೆ ಜಾರಿ ಆಚೆ ಹೋಗುತ್ತದೆ. ಇದನ್ನು 1923ರಲ್ಲಿ ಕಾಂಪ್ಟನ್ ತೋರಿಸಿಕೊಟ್ಟರು. ಅಂಥ ಜಾರುವಿಕೆಗೆ ಒಂದು ಮಿತಿಕೋನವಿದೆ. ಗಾಜಿಗೆ ಅದನ್ನು ಬಾಯಿಲೆಕ್ಕದಲ್ಲೇ ಹಾಕಬಹುದು: 30ನ್ನು ಕಿರಣದ ಶಕ್ತಿಯಿಂದ (ಕೆಇವಿ, ಅಂದರೆ ಕಿಲೋ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ) ಭಾಗಿಸಿ, ಸಿಗುವುದು ಮಿಲಿರೇಡಿಯನ್. 8 ಕೆಇವಿ ಕಿರಣಕ್ಕೆ 3.8 ಮಿಲಿರೇಡಿಯನ್ ಆಯಿತು, ಅಂದರೆ ಒಂದು ಡಿಗ್ರಿಯ ಕಾಲುಭಾಗವೂ ಇಲ್ಲ. 30 ಕೆಇವಿಗೆ ಒಂದೇ ಮಿಲಿರೇಡಿಯನ್.

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಲು ತುಂಗಭದ್ರಾ ಕಾಲುವೆಯೇ ಸಾಕು. ನೀರು ಜೋರಾಗಿ ಹರಿಯುವಾಗ ಕಾಲುವೆ ಏಕಾಏಕಿ ತಿರುಗಿದರೆ ದಡ ಒಡೆಯುತ್ತದೆ. ನಿಧಾನಕ್ಕೆ, ಮೈಲುದ್ದಕ್ಕೆ ಬಾಗಿಸಿದರೆ ನೀರಿಗೆ ತಿರುಗಿದ್ದೇ ತಿಳಿಯುವುದಿಲ್ಲ. ಪಾಲಿಕ್ಯಾಪಿಲರಿ ಎಂದರೆ ಇಂಥ ಲಕ್ಷಾಂತರ ಗಾಜಿನ ಕಾಲುವೆಗಳ ಒಂದು ಕಟ್ಟು. ಒಂದೊಂದು ಕೊಳವೆಯ ಬಾಯಿ ಕೆಲವೇ ಮೈಕ್ರಾನ್. ಒಂದು ತುದಿಯಲ್ಲಿ ಎಲ್ಲವೂ ಎಕ್ಸ್-ರೇ ಟ್ಯೂಬಿನ ಬಿಂದುವಿನತ್ತ ಬಾಯಿ ಮಾಡಿರುತ್ತವೆ, ಇನ್ನೊಂದು ತುದಿಯಲ್ಲಿ ಎಲ್ಲವೂ ನಿಮ್ಮ ಮಾದರಿಯ ಮೇಲಿನ ಒಂದೇ ಚುಕ್ಕೆಯತ್ತ. ನಡುವೆ ಹೊಟ್ಟೆ ಉಬ್ಬಿದ ಕದಿರಿನ ಆಕಾರ. ಕಿರಣ ಒಳಗೆ ಜಾರುತ್ತ, ಮತ್ತೆ ಮತ್ತೆ ಗೋಡೆ ಸವರುತ್ತ ಬಾಗಿ ಬರುತ್ತದೆ. ಇದನ್ನು 1980ರ ದಶಕದಲ್ಲಿ ಸೋವಿಯತ್ ಭೌತವಿಜ್ಞಾನಿ ಮುರಾದಿನ್ ಕುಮಾಖೋವ್ ಬೆಳೆಸಿದರು. ಹಳಬರು ಈಗಲೂ ಕುಮಾಖೋವ್ ಲೆನ್ಸ್ ಎನ್ನುತ್ತಾರೆ. ಅಷ್ಟೇ ದೂರದಲ್ಲಿಟ್ಟ ಸೂಜಿರಂಧ್ರದಿಂದ ಬರುವುದಕ್ಕಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಕಿರಣ ಇದರಿಂದ ಚುಕ್ಕೆಗೆ ಬರುತ್ತದೆ. ಹೊಸ ಬೆಳಕೇನೂ ಹುಟ್ಟುವುದಿಲ್ಲ. ಸುಮ್ಮನೆ ಚೆಲ್ಲಿಹೋಗುತ್ತಿದ್ದುದನ್ನು ಬಾಚಿ ತರುತ್ತದೆ.

ಒಂದೇ ಕೊಳವೆಯ ಮಾನೋಕ್ಯಾಪಿಲರಿಯೂ ಇದೆ. ಅದರ ಒಳಮೈ ದೀರ್ಘವೃತ್ತದ ಆಕಾರದ್ದಾದರೆ ಕಿರಣ ಒಂದೇ ಸಲ ಪುಟಿದು ಚುಕ್ಕೆ ಸೇರುತ್ತದೆ. ಚುಕ್ಕೆ ಇನ್ನೂ ಸಣ್ಣದು, ಬರುವ ಕಿರಣವೂ ಕಡಿಮೆ. ಅದಿರು, ಮಣ್ಣು, ಲೋಹದ ಕೆಲಸಕ್ಕೆ ನಮಗೆ ಒದಗುವುದು ಪಾಲಿಕ್ಯಾಪಿಲರಿಯೇ. ಮುಂದೆ ಹೇಳುವುದೆಲ್ಲ ಅದರದೇ ಮಾತು.

ಮೊದಲು: ಇದು ನಿಮಗೆ ಬೇಕೇ?

ಅದಿರಿನಲ್ಲಿ ಕಬ್ಬಿಣ ಶೇಕಡಾ ಎಷ್ಟು ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಕ್ಯಾಪಿಲರಿಯ ತಂಟೆಗೆ ಹೋಗಬೇಡಿ. ಲಾರಿಲೋಡ್ ಅದಿರಿನ ದರ್ಜೆಯನ್ನು ಕೂದಲೆಳೆಗಿಂತ ಸಣ್ಣ ಚುಕ್ಕೆಯಿಂದ ಹೇಳಹೊರಡುವುದು ಒಂದು ಅಗುಳು ಹಿಸುಕಿ ಮದುವೆಮನೆಯ ಅಡುಗೆಗೆಲ್ಲ ಸರ್ಟಿಫಿಕೇಟ್ ಕೊಟ್ಟಂತೆ. ಅನ್ನದಲ್ಲಾದರೆ ಆ ಲೆಕ್ಕ ನಡೆದೀತು, ಅದಿರಿನಲ್ಲಿ ನಡೆಯದು. ಚೆನ್ನಾಗಿ ಅರೆದು, ಕರಗಿಸಿ ಗಾಜಿನ ಮಣಿ ಮಾಡಿ ಅಥವಾ ಬಿಲ್ಲೆ ಒತ್ತಿ, ಸಾಮಾನ್ಯ ಎಕ್ಸ್‌ಆರ್‌ಎಫ್‌ನಲ್ಲಿ ಅಗಲವಾದ ಕಿರಣ ಹಾಯಿಸಿ. ಅದೇ ಸರಿ.

"ಎಷ್ಟು" ಎಂಬುದಕ್ಕಿಂತ "ಎಲ್ಲಿ" ಎಂಬ ಪ್ರಶ್ನೆ ಬಂದಾಗ ಕ್ಯಾಪಿಲರಿ ಬೇಕು. ರಂಜಕ ಅದಿರಿನ ಯಾವ ಕಣದಲ್ಲಿ ಕೂತಿದೆ, ಉಕ್ಕಿನ ಮೇಲಿನ ಕಲೆಯಲ್ಲಿ ಏನಿದೆ, ಸಂಗನಕಲ್ಲಿನಂಥ ನೆಲೆಯ ಹಳೆಯ ಮಡಕೆಚೂರಿನ ಮೇಲಿನ ಕೆಂಪು ಬಣ್ಣ ಯಾವುದು, ಅದೂ ಚೂರನ್ನು ಕೆರೆಯದೆ. ಇಂಥವಕ್ಕೆ.

ಕೋಣೆ

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎನ್ನುವ ಹಳೆಯ ತಮಾಷೆಯನ್ನು ಈ ಯಂತ್ರ ನಿಜವೆಂದೇ ನಂಬುತ್ತದೆ. ಟ್ಯೂಬು ಬಿಸಿಯಾದಂತೆ ಒಳಗಿನ ಆನೋಡ್ ಹಿಗ್ಗುತ್ತದೆ, ಎಕ್ಸ್-ರೇ ಹುಟ್ಟುವ ಬಿಂದು ಹತ್ತಾರು ಮೈಕ್ರಾನ್ ಸರಿಯುತ್ತದೆ. ಸಾಮಾನ್ಯ ಯಂತ್ರದಲ್ಲಿ ಇದು ಯಾರ ಗಮನಕ್ಕೂ ಬಾರದು. ಕ್ಯಾಪಿಲರಿಯ ಬಾಯಿ ನೋಡುತ್ತಿರುವುದೇ ಆ ಬಿಂದುವನ್ನು, ಬಿಂದು ಸರಿದರೆ ಎಣಿಕೆ (ಡಿಟೆಕ್ಟರಿಗೆ ಸಿಗುವ ಕಿರಣಗಳ ಲೆಕ್ಕ) ಕುಸಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋಗಿ, ಯುಪಿಎಸ್ ಮೇಲೆ ಯಂತ್ರ ಓಡಿ, ಏಸಿ ನಿಂತರೆ ಅರ್ಧ ಗಂಟೆಯಲ್ಲಿ ನಕ್ಷೆಯ ಕೆಳಗಿನ ಸಾಲುಗಳು ಮಂಕಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಿರು ಬಡವಾಗಿರಲಿಲ್ಲ, ಕೋಣೆ ಕಾದಿತ್ತು.

ಹಾಗಾಗಿ: ಟ್ಯೂಬನ್ನು ಕೆಲಸದ ವೋಲ್ಟೇಜು, ಕರೆಂಟಿನಲ್ಲೇ ಕನಿಷ್ಠ ಒಂದು ಗಂಟೆ ಓಡಿಸಿ, ಆಮೇಲೆ ಅಳೆಯಲು ಕೂರಿ. ಏಸಿಯೂ ಬ್ಯಾಕಪ್ ಲೈನಿನಲ್ಲಿರಲಿ. ಆಗದಿದ್ದರೆ ದೊಡ್ಡ ನಕ್ಷೆಗಳನ್ನು ರಾತ್ರಿಗೆ ಇಟ್ಟುಕೊಳ್ಳಿ. ಏಸಿ ಗಾಳಿ ನೇರವಾಗಿ ಯಂತ್ರಕ್ಕೆ ಬಡಿಯುವುದು ಬೇಡ. ಕಲ್ಲು ಕತ್ತರಿಸುವ, ಅರೆಯುವ ಕೆಲಸ ಬೇರೆ ಕೋಣೆಯಲ್ಲಿ ನಡೆಯಲಿ, ಪಕ್ಕದ ಕೋಣೆಯೂ ಬೇಡ. ಕಾರಣ ಮುಂದೆ ಬರುತ್ತದೆ.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಎಕ್ಸ್-ರೇ ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿಯ ನಿಯಮಗಳಿವೆ, ಅರ್ಜಿಗೆ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ನಿಮ್ಮ ಬಗೆಯ ಯಂತ್ರಕ್ಕೆ ಏನೇನು ಬೇಕೆಂದು ಆರ್ಡರ್ ಕೊಡುವ ಮೊದಲೇ ನೋಡಿಕೊಳ್ಳಿ. ವಿಕಿರಣದ ಕೆಲಸದವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರದಂತೆ ಮಿತಿಯಿದೆ. ಬಾಗಿಲು ಮುಚ್ಚಿದ ಯಂತ್ರದ ಹೊರಗೆ ನೀವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅಪಾಯ ಇರುವುದು ಲೆನ್ಸ್ ಹೊಂದಿಸುವಾಗ, "ಒಂದೇ ನಿಮಿಷ" ಎಂದು ಯಾರೋ, ಬಾಗಿಲು ತೆರೆದರೆ ಕಿರಣ ಆರಿಸುವ ಇಂಟರ್‌ಲಾಕ್ ಬೈಪಾಸ್ ಮಾಡಿದಾಗ. ಕ್ಯಾಪಿಲರಿಯ ತುದಿಯಲ್ಲಿ ಕಿರಣವೆಲ್ಲ ಒಂದು ಚುಕ್ಕೆಗೆ ಕೂಡಿರುತ್ತದೆ. ಅಲ್ಲಿ ಬೆರಳು ಬಂದರೆ ಆ ಕ್ಷಣ ಏನೂ ಗೊತ್ತಾಗುವುದಿಲ್ಲ, ಸುಟ್ಟ ಗಾಯ ಏಳುವುದು ದಿನಗಳ ನಂತರ. ಹೊಂದಿಸುವ ತಿರುಪುಗಳನ್ನು ಮೋಟಾರಿನಿಂದ ಹೊರಗಿನಿಂದಲೇ ತಿರುಗಿಸುವಂತಿರಬೇಕು. ಕೈಯಿಂದಲೇ ತಿರುಗಿಸಬೇಕಾದ ಹಳೆಯ ಯಂತ್ರವಾದರೆ, ಪ್ರತಿ ತಿರುವಿಗೂ ಟ್ಯೂಬು ಆರಿಸಿ, ಬಾಗಿಲು ತೆರೆದು, ತಿರುಗಿಸಿ, ಮುಚ್ಚಿ, ಹಚ್ಚಿ. ಬೇಸರದ ಕೆಲಸ. ಹಾಗೇ ಮಾಡಬೇಕು.

ಲೆನ್ಸ್ ಹೊಂದಿಸುವುದು

ಹೆಚ್ಚಿನ ಯಂತ್ರಗಳಲ್ಲಿ ಕಂಪನಿಯವರೇ ಹೊಂದಿಸಿ ಕೊಟ್ಟಿರುತ್ತಾರೆ. ಟ್ಯೂಬು ಬದಲಾದಾಗ, ಅಥವಾ ಹೆದ್ದಾರಿಯ ಗುಂಡಿಗಳಲ್ಲಿ ಕುಲುಕಿಕೊಂಡು ಯಂತ್ರ ಬೇರೆ ಊರಿಗೆ ಹೋದಾಗ ಮತ್ತೆ ಮಾಡಬೇಕಾಗುತ್ತದೆ. ನೀವೇ ಜೋಡಿಸಿದ ವ್ಯವಸ್ಥೆಯಾದರಂತೂ ಮಾಡಲೇಬೇಕು.

ಲೆನ್ಸಿಗೆ ಐದು ಚಲನೆ ಇರುತ್ತವೆ: ಎಡಬಲ, ಮೇಲೆಕೆಳಗೆ, ಟ್ಯೂಬಿನತ್ತ ಹಿಂದೆಮುಂದೆ, ಮತ್ತು ಎರಡು ದಿಕ್ಕಿನ ವಾಲು. ಲೆನ್ಸಿನ ಜೊತೆ ಬಂದ ಹಾಳೆಯಲ್ಲಿ ಎರಡು ದೂರ ಬರೆದಿರುತ್ತದೆ. ಮೊದಲನೆಯದು ಟ್ಯೂಬಿನ ಬಿಂದುವಿನಿಂದ ಲೆನ್ಸಿನ ಬಾಯಿಗೆ, ಎರಡನೆಯದು ಲೆನ್ಸಿನ ತುದಿಯಿಂದ ಚುಕ್ಕೆಗೆ. ಬಿಂದು ಎಂದರೆ ಟ್ಯೂಬಿನ ಕಿಟಕಿಯಲ್ಲ, ಅದರ ಹಿಂದಿರುವ ಆನೋಡ್ ಮೇಲಿನ ಜಾಗ. ಹೊಸಬರು ಇಲ್ಲೇ ತಪ್ಪುವುದು.

ಹಿಂದೆಮುಂದಿನ ದೂರವನ್ನು ಹಾಳೆಯಂತೆ ಅಂದಾಜಿಗೆ ಇಡಿ. ಟ್ಯೂಬಿನ ಕರೆಂಟು ಕಡಿಮೆ ಇರಲಿ, ಇಲ್ಲವಾದರೆ ಡಿಟೆಕ್ಟರ್ ಉಸಿರುಗಟ್ಟಿ ತಪ್ಪು ಎಣಿಕೆ ತೋರಿಸುತ್ತದೆ. ಚುಕ್ಕೆಯ ಜಾಗದಲ್ಲಿ ತಾಮ್ರದ ಒಂದು ತಗಡು ಇಟ್ಟು ಅದು ಹೊಮ್ಮಿಸುವ 8.05 ಕೆಇವಿ ಕಿರಣದ ಎಣಿಕೆಯನ್ನು ನೋಡುತ್ತಿರಿ. ಎಡಬಲ ಸರಿಸುತ್ತ ಎಣಿಕೆ ಗುರುತು ಮಾಡಿ, ಗುಡ್ಡದಂಥ ಒಂದು ಚಿತ್ರ ಬರುತ್ತದೆ. ಗುಡ್ಡದ ನೆತ್ತಿಗೆ ನಿಲ್ಲಿಸಿ. ಮೇಲೆಕೆಳಗೂ ಹಾಗೇ. ಈಗ ಹಿಂದೆಮುಂದೆ ಒಂದು ಮಿಲಿಮೀಟರ್‌ನ ಕಾಲುಭಾಗ ಸರಿಸಿ ಎರಡನ್ನೂ ಮತ್ತೆ ಮಾಡಿ. ದೂರ ಸರಿಯಿದ್ದಾಗ ಗುಡ್ಡ ಎತ್ತರವಾಗುತ್ತದೆ, ಕಿರಿದೂ ಆಗುತ್ತದೆ. ಎತ್ತರ ಮಾತ್ರ ನೋಡಿ ಮೋಸ ಹೋಗಬೇಡಿ, ಅಗಲವನ್ನೂ ಬರೆದಿಟ್ಟುಕೊಳ್ಳಿ. ಅಗಲ ಅತಿ ಕಡಿಮೆಯಾದ ದೂರವೇ ಸರಿಯಾದ ದೂರ. ಆಮೇಲೆ ಎರಡು ವಾಲುಗಳು. ವಾಲಿಸಿದಾಗ ಲೆನ್ಸಿನ ಬಾಯಿ ಸ್ವಲ್ಪ ಪಕ್ಕಕ್ಕೆ ಹೋಗಿರುತ್ತದೆ, ಆದ್ದರಿಂದ ಎಡಬಲ, ಮೇಲೆಕೆಳಗೆ ಮತ್ತೊಮ್ಮೆ. ಹೀಗೆ ಮೂರು ಸುತ್ತು. ಮೂರನೇ ಸುತ್ತಿನಲ್ಲಿ ಎಣಿಕೆ ಹೆಚ್ಚಾಗದಿದ್ದರೆ ಸಾಕು, ಕೈ ತೆಗೆಯಿರಿ. ಇನ್ನೊಂದು ಚೂರು ಸಿಗುತ್ತದೇನೋ ಎಂದು ಸಂಜೆವರೆಗೂ ತಿರುಪು ತಿರುಗಿಸುತ್ತ ಕೂತವರಿದ್ದಾರೆ. ಅಷ್ಟು ಹೊತ್ತಿಗೆ ಕೋಣೆಯೇ ಒಂದು ಡಿಗ್ರಿ ಬದಲಾಗಿರುತ್ತದೆ.

ಚುಕ್ಕೆ ಅಳೆಯುವುದು, ಒಂದಲ್ಲ ಮೂರು ಸಲ

ಈ ಲೇಖನದಲ್ಲಿ ಒಂದೇ ಭಾಗ ಓದುವವರಿದ್ದರೆ ಇದನ್ನು ಓದಿ.

ಪ್ರತಿ ಕೊಳವೆಯ ತುದಿಯಿಂದ ಕಿರಣ ಹೊರಬರುವಾಗ ಮಿತಿಕೋನದಷ್ಟು ಹರಡಿಕೊಂಡು ಬರುತ್ತದೆ. ಮಿತಿಕೋನವೋ ಶಕ್ತಿಯ ಮೇಲೆ ನಿಂತಿದೆ. ಹಾಗಾದರೆ ಚುಕ್ಕೆಯ ಗಾತ್ರವೂ ಶಕ್ತಿಯ ಮೇಲೆ ನಿಂತಿರಲೇಬೇಕು. ಲೆಕ್ಕ ಸುಲಭ: ಲೆನ್ಸಿನ ತುದಿಯಿಂದ ಚುಕ್ಕೆಗಿರುವ ದೂರವನ್ನು ಮಿತಿಕೋನದಿಂದ ಗುಣಿಸಿ, ಅದನ್ನು 1.3ರಿಂದ ಗುಣಿಸಿ. ಅದರ ವರ್ಗಕ್ಕೆ ಕೊಳವೆಯ ವ್ಯಾಸದ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಕೊಳವೆ 5 ಮೈಕ್ರಾನ್, ದೂರ 9 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮಾಲಿಬ್ಡಿನಂನ 17.5 ಕೆಇವಿಗೆ ಸುಮಾರು 20 ಮೈಕ್ರಾನ್ ಬರುತ್ತದೆ, ಕೈಪಿಡಿಯ ಸಂಖ್ಯೆ ಸಾಮಾನ್ಯವಾಗಿ ಇದೇ. ಅದೇ ಲೆನ್ಸಿಗೆ 8 ಕೆಇವಿಯಲ್ಲಿ 44, 5 ಕೆಇವಿಯಲ್ಲಿ 70.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮ್ಯಾಂಗನೀಸ್ ಹೊಮ್ಮಿಸುವ ಕಿರಣ 5.90 ಕೆಇವಿಯದು ನಿಜ, ಆದರೆ ಮ್ಯಾಂಗನೀಸ್‌ನ ಚುಕ್ಕೆ 5.90ಕ್ಕೆ ಸೇರಿದ್ದಲ್ಲ. ಮ್ಯಾಂಗನೀಸ್ ಹೊಳೆಯಲು ಒಳಬರುವ ಕಿರಣಕ್ಕೆ 6.54 ಕೆಇವಿಗಿಂತ ಹೆಚ್ಚು ಶಕ್ತಿ ಬೇಕು. ಹಾಗೆ ಅದನ್ನು ಹೊಳೆಯಿಸುವ ಕಿರಣಗಳೆಲ್ಲ ಸೇರಿ ಎಷ್ಟು ಅಗಲಕ್ಕೆ ಬೀಳುತ್ತವೋ ಅದೇ ಮ್ಯಾಂಗನೀಸ್‌ನ ಚುಕ್ಕೆ. ಟ್ಯೂಬಿನಿಂದ ಬರುವುದು ಬಗೆಬಗೆಯ ಶಕ್ತಿಯ ಮಿಶ್ರಣವಾದ್ದರಿಂದ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಮುಗಿಸಲಾಗದು, ಅಳೆದೇ ನೋಡಬೇಕು.

ಅಳೆಯಲು ತೆಳುವಾದ ಮೂರು ಲೋಹದ ಹಾಳೆ ಸಾಕು: ಟೈಟಾನಿಯಂ, ತಾಮ್ರ, ಜಿರ್ಕೋನಿಯಂ. ಇವು ಹೊಳೆಯಲು ಬೇಕಾದ ಶಕ್ತಿ ಕ್ರಮವಾಗಿ 4.97, 8.98, 18.0 ಕೆಇವಿ. ಹಾಳೆಯ ಅಂಚು ಹರಿತವಾಗಿರಬೇಕು. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಮಡಚಿಕೊಳ್ಳುತ್ತದೆ. ಹೊಸ ಬ್ಲೇಡಿನಿಂದ ಗಾಜಿನ ಮೇಲಿಟ್ಟು ಒಂದೇ ಏಟಿಗೆ ಕೊಯ್ಯಿರಿ, ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿ. ಹಾಳೆಯನ್ನು ಅಕ್ರಿಲಿಕ್ ತುಂಡಿನ ಮೇಲೆ ಚಪ್ಪಟೆಯಾಗಿ ಕೂರಿಸಿ, ಅಂಚಿಗೆ ಅಡ್ಡವಾಗಿ 3 ಮೈಕ್ರಾನ್ ಹೆಜ್ಜೆಯಲ್ಲಿ ಸರಿಸುತ್ತ ಆಯಾ ಲೋಹದ ಎಣಿಕೆ ಬರೆದುಕೊಳ್ಳಿ. ಎಣಿಕೆ ಸೊನ್ನೆಯಿಂದ ಮೇಲೇರಿ ಸಮತಟ್ಟಾಗುತ್ತದೆ. ಶೇ 10ರಿಂದ ಶೇ 90ಕ್ಕೆ ಏರಲು ಎಷ್ಟು ಮೈಕ್ರಾನ್ ಬೇಕಾಯಿತೋ ಅದನ್ನು 1.09ರಿಂದ ಭಾಗಿಸಿದರೆ ಚುಕ್ಕೆಯ ಅಗಲ, ಅಂದರೆ ಅರ್ಧ ಎತ್ತರದಲ್ಲಿನ ಅಗಲ ಸಿಗುತ್ತದೆ. ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ದಿಕ್ಕಿನಲ್ಲೂ ಮಾಡಿ. ಎರಡರಲ್ಲೂ ಬಹಳ ವ್ಯತ್ಯಾಸವಿದ್ದರೆ ಲೆನ್ಸ್ ವಾಲಿದೆ ಎಂದೇ ಅರ್ಥ.

ಆ ಫೋನ್ ಬಂದ ಸಂಜೆ ನಾನು ಹೀಗೆ ಅಳೆದಾಗ ಸಿಕ್ಕಿದ್ದು: ಟೈಟಾನಿಯಂಗೆ 54 ಮೈಕ್ರಾನ್, ತಾಮ್ರಕ್ಕೆ 38, ಜಿರ್ಕೋನಿಯಂಗೆ 21. ಮೂರನ್ನೂ ಗ್ರಾಫ್ ಹಾಳೆಯ ಮೇಲಿಟ್ಟು ನಡುವೆ ಗೆರೆ ಎಳೆದರೆ ಮ್ಯಾಂಗನೀಸ್‌ಗೆ 46ರ ಆಸುಪಾಸು. 20 ಮೈಕ್ರಾನಿನ ಗೆರೆಯ ಮೇಲೆ 46ರ ಚುಕ್ಕೆ ಓಡಿಸಿದರೆ ನಕ್ಷೆಯಲ್ಲಿ ಎಷ್ಟು ಕಾಣಬೇಕು? ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 50. ಭೂವಿಜ್ಞಾನಿಗೆ ಫೋನ್ ಮಾಡಿ "ನಿಮ್ಮ ಇಪ್ಪತ್ತೇ ಸರಿ" ಎಂದೆ. "ಹಂಗಾರ ಬಿಲ್ಲಿನಾಗೂ ಮೂವತ್ತು ಕಡಿಮಿ ಮಾಡ್ರಿ" ಎಂದು ನಕ್ಕರು.

ಜಿರ್ಕೋನಿಯಂ ಅಳೆಯುವಾಗ ಏರಿಕೆಯ ಆಚೀಚೆ ಬಾಲದಂತೆ ಎಳೆದುಕೊಂಡಿದೆಯೇ ಎಂದೂ ನೋಡಿ. ಶಕ್ತಿ ಹೆಚ್ಚಾದ ಕಿರಣ ಗಾಜಿನ ತೆಳು ಗೋಡೆಗಳನ್ನು ತೂರಿ ಬರುತ್ತದೆ. ಅದು ಚುಕ್ಕೆಗೆ ಸೇರದೆ ಸುತ್ತ ಪ್ರಭಾವಳಿಯಂತೆ ಹರಡುತ್ತದೆ. ಬೆಳ್ಳಿ, ತವರ, ಆಂಟಿಮನಿಯಂಥ ಧಾತುಗಳನ್ನು ಇದು ಕಾಡುತ್ತದೆ. ಅವುಗಳ ನಕ್ಷೆ ಚೂಪಾಗಿ ಕಂಡರೂ, ಇಲ್ಲದ ಜಾಗದಲ್ಲೂ ಸ್ವಲ್ಪ ಇದ್ದಂತೆ ತೋರಿಸುತ್ತದೆ.

ಎತ್ತರ

ಕಿರಣಗಳು ಚುಕ್ಕೆಗೆ ಬರುವುದು ಆಲಿಕೆಯ ಆಕಾರದಲ್ಲಿ. ಆ ಆಲಿಕೆಯ ಕೋನ 15 ಡಿಗ್ರಿಯಾದರೆ, ಮಾದರಿ 100 ಮೈಕ್ರಾನ್ ಮೇಲೋ ಕೆಳಗೋ ಇದ್ದಾಗ ಆಲಿಕೆಯ ಬಾಯಿಯೇ 26 ಮೈಕ್ರಾನ್ ಅಗಲವಾಗುತ್ತದೆ. ಸಣ್ಣ ಚುಕ್ಕೆಗೆಂದು ಇಷ್ಟು ಖರ್ಚು ಮಾಡಿ ಕಲ್ಲನ್ನು ಓರೆಯಾಗಿ ಕೂರಿಸಿದರೆ ಅದು ನಕ್ಷೆಯ ಒಂದು ಅಂಚಿನಲ್ಲಿ ಚೂಪು, ಇನ್ನೊಂದು ಅಂಚಿನಲ್ಲಿ ಮಬ್ಬು. ಕ್ಯಾಮೆರಾದ ಫೋಕಸ್ಸೂ ಎಕ್ಸ್-ರೇ ಚುಕ್ಕೆಯೂ ಒಂದೇ ಎತ್ತರದಲ್ಲಿವೆಯೇ ಎಂಬುದನ್ನು ತಾಮ್ರದ ಅಂಚಿನಿಂದಲೇ ಪರೀಕ್ಷಿಸಿ: ಎತ್ತರವನ್ನು 50 ಮೈಕ್ರಾನಿನಂತೆ ಬದಲಿಸುತ್ತ ಐದಾರು ಸಲ ಅಳೆದರೆ ಎಲ್ಲಿ ಅತಿ ಚಿಕ್ಕದೋ ತಿಳಿಯುತ್ತದೆ. ಕ್ಯಾಮೆರಾವನ್ನು ಅಲ್ಲಿಗೆ ಹೊಂದಿಸಿ. ಕಲ್ಲಿನ ನಾಲ್ಕೂ ಮೂಲೆಗೆ ಹೋಗಿ ಫೋಕಸ್ ನೋಡಿಯೇ ನಕ್ಷೆ ಶುರು ಮಾಡಿ.

ಕೆಂಪು ದೆವ್ವ

ಒಂದು ಬೇಸಿಗೆಯಲ್ಲಿ ನಮ್ಮ ಯಂತ್ರಕ್ಕೆ ಎಲ್ಲದರಲ್ಲೂ ಕಬ್ಬಿಣ ಕಾಣತೊಡಗಿತು. ಸುಣ್ಣದಕಲ್ಲಿನಲ್ಲಿ ಕಬ್ಬಿಣ, ಪ್ಲಾಸ್ಟಿಕ್ಕಿನಲ್ಲಿ ಕಬ್ಬಿಣ. ಕೊನೆಗೆ ಏನೂ ಇರಬಾರದ ಅಕ್ರಿಲಿಕ್ ತುಂಡು ಇಟ್ಟರೂ ಸ್ಪೆಕ್ಟ್ರಂನಲ್ಲಿ (ಯಾವ ಶಕ್ತಿಗೆ ಎಷ್ಟು ಎಣಿಕೆ ಎಂಬ ಗ್ರಾಫಿನಲ್ಲಿ) ಕಬ್ಬಿಣದ 6.40 ಕೆಇವಿ ಹತ್ತಿರ ಮೊನೆ ಎದ್ದು ನಿಂತಿತು. ನಾವು ಡಿಟೆಕ್ಟರನ್ನು ಅನುಮಾನಿಸಿದೆವು, ಸಾಫ್ಟ್‌ವೇರನ್ನು ಬೈದೆವು. ಲ್ಯಾಬಿನ ಹುಡುಗ ಟಾರ್ಚ್ ಹಿಡಿದು ಲೆನ್ಸಿನ ತುದಿ ನೋಡಿ, "ಸರ, ಇಲ್ಲಿ ಕುಂಕುಮ ಹಚ್ಚಿದಂಗೈತಿ" ಎಂದ. ತುದಿಯ ಕಾಪಿಗೆಂದು ಹಾಕಿದ್ದ ತೆಳು ಪ್ಲಾಸ್ಟಿಕ್ ಪೊರೆಯ ಮೇಲೆ ಅದಿರಿನ ನುಣ್ಣನೆಯ ಧೂಳು ಕೂತಿತ್ತು. ಕಿರಣ ಅದನ್ನು ದಾಟಿ ಬರುವಾಗ ಅದೂ ಹೊಳೆಯುತ್ತಿತ್ತು, ಕಲ್ಲಿನ ಲೆಕ್ಕಕ್ಕೆ ಸೇರುತ್ತಿತ್ತು. ಪೊರೆ ಬದಲಿಸಿದ ಮೇಲೆ ಮೊನೆ ಕುಸಿಯಿತು. ಪೂರ್ತಿ ಹೋಗಲಿಲ್ಲ, ಯಂತ್ರದೊಳಗಿನ ಉಕ್ಕಿನ ಭಾಗಗಳಿಂದಲೂ ಚೂರು ಕಬ್ಬಿಣ ಯಾವಾಗಲೂ ಬರುತ್ತದೆ. ಲೆನ್ಸಿನ ಗಾಜಿನಲ್ಲಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂ ಕೂಡ ಹೀಗೆ ಇಣುಕಬಹುದು.

ಅಂದಿನಿಂದ ದಿನದ ಮೊದಲ ಕೆಲಸ ಅಕ್ರಿಲಿಕ್ ತುಂಡಿನ ಐದು ನಿಮಿಷದ ಸ್ಪೆಕ್ಟ್ರಂ. 6.40ರ ಎಣಿಕೆ ಡೈರಿಗೆ ಹೋಗುತ್ತದೆ. ಹಿಂದಿನ ವಾರಕ್ಕಿಂತ ಏರಿದ್ದರೆ ಪೊರೆ ನೋಡುತ್ತೇವೆ.

ಪೊರೆ ಇಲ್ಲದೆ ಧೂಳು ಕೊಳವೆಗಳ ಬಾಯಿಗೇ ಹೋಗಿ ಕೂತರೆ? ಬಟ್ಟೆಯಿಂದ ಒರೆಸಬೇಡಿ, ಕೊಳವೆಗಳ ಬಾಯಿ ಮುರಿಯುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಧೂಳು ಅಂಟಿ ಗಟ್ಟಿಯಾಗುತ್ತದೆ. ಸ್ಪ್ರೇ ಡಬ್ಬಿಯ ಗಾಳಿ ಧೂಳನ್ನು ಇನ್ನೂ ಒಳಗೆ ತಳ್ಳುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದರಂತೂ ಮೈಕ್ರಾನ್ ಬಾಯಿಯ ಕೊಳವೆ ಅದನ್ನು ಹೀರಿಕೊಂಡು, ಆರಿದ ಮೇಲೆ ಕಲೆ ಉಳಿಸಿಕೊಳ್ಳುತ್ತದೆ. ಆ ಹೀರುವ ಗುಣಕ್ಕೆ ಕ್ಯಾಪಿಲರಿ ಕ್ರಿಯೆ ಎಂಬ ಹೆಸರೇ ಇಂಥ ಕೂದಲೆಳೆಯಂಥ ಕೊಳವೆಗಳಿಂದ ಬಂದದ್ದಲ್ಲವೇ. ತಯಾರಕರಿಗೆ ಕಳಿಸುವುದೊಂದೇ ದಾರಿ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಪೊರೆಯ ಸುರುಳಿ ಎರಡು ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ಒಡೆದ ಕಲ್ಲಿನ ಪುಡಿಯನ್ನು ನೇರವಾಗಿ ಒಳಗಿಡಬೇಡಿ, ರಾಳದಲ್ಲಿ ಕೂರಿಸಿ ಪಾಲಿಶ್ ಮಾಡಿ ಇಡಿ. ವ್ಯಾಕ್ಯೂಮ್ ಮಾಡಿ ಆಮೇಲೆ ಗಾಳಿ ಬಿಡುವಾಗ ಕವಾಟವನ್ನು ನಿಧಾನಕ್ಕೆ ತೆರೆಯಿರಿ. ಒಳನುಗ್ಗುವ ಗಾಳಿಯೇ ಧೂಳೆಬ್ಬಿಸುತ್ತದೆ.

ವ್ಯಾಕ್ಯೂಮ್ ಯಾಕೆ ಬೇಕು ಎಂದರೆ ಅಲ್ಯೂಮಿನಿಯಂ, ಸಿಲಿಕಾನ್‌ಗೆ. ಅಲ್ಯೂಮಿನಿಯಂನ 1.49 ಕೆಇವಿ ಕಿರಣದ ಮುಕ್ಕಾಲು ಪಾಲನ್ನು ಒಂದೇ ಸೆಂಟಿಮೀಟರ್ ಗಾಳಿ ನುಂಗುತ್ತದೆ.

ನಮ್ಮ ಕಲ್ಲುಗಳ ಎರಡು ತಂಟೆ

ಮೊದಲನೆಯದು ಕಬ್ಬಿಣ ಮತ್ತು ಮ್ಯಾಂಗನೀಸ್‌ನ ಗಲಾಟೆ. ಮ್ಯಾಂಗನೀಸ್‌ಗೆ 5.90ರಲ್ಲಿ ದೊಡ್ಡ ಮೊನೆ, 6.49ರಲ್ಲಿ ಚಿಕ್ಕ ಮೊನೆ. ಕಬ್ಬಿಣದ ದೊಡ್ಡದು 6.40ರಲ್ಲಿ. ಸಾಮಾನ್ಯ ಡಿಟೆಕ್ಟರಿನಲ್ಲಿ ಒಂದು ಮೊನೆಯ ಅಗಲವೇ 0.13 ಕೆಇವಿಯಷ್ಟಿರುವುದರಿಂದ 6.40 ಮತ್ತು 6.49 ಒಂದರೊಳಗೊಂದು ಕರಗುತ್ತವೆ. ಹಾಗಾಗಿ ಮ್ಯಾಂಗನೀಸ್ ತುಂಬಿದ ಜಾಗದಲ್ಲಿ ಇಲ್ಲದ ಕಬ್ಬಿಣ ಕಾಣುತ್ತದೆ. ಬಣ್ಣದ ನಕ್ಷೆಯನ್ನು ಇಂತಿಷ್ಟು ಕೆಇವಿಯ ನಡುವೆ ಬಿದ್ದದ್ದನ್ನೆಲ್ಲ ಎಣಿಸುವ ಕಿಟಕಿ ಎಣಿಕೆಯಿಂದ ಮಾಡದೆ, ಮೊನೆಗಳನ್ನು ಬಿಡಿಸಿ ಲೆಕ್ಕ ಹಾಕುವ ಆಯ್ಕೆಯಿಂದ ಮಾಡಿ. ನಿಧಾನವಾಗುತ್ತದೆ, ಆಗಲಿ.

ಎರಡನೆಯದು ರಾಯಚೂರು ಜಿಲ್ಲೆಯ ಹಟ್ಟಿ ಕಡೆಯ ಚಿನ್ನದ ಕಲ್ಲು. ಅಲ್ಲಿ ಚಿನ್ನದ ಜೊತೆ ಆರ್ಸೆನೊಪೈರೈಟ್ ಎಂಬ ಆರ್ಸೆನಿಕ್ ಖನಿಜ ಇರುತ್ತದೆ. ಚಿನ್ನದ 9.71 ಮತ್ತು ಆರ್ಸೆನಿಕ್‌ನ 10.54 ಬೇರೆಬೇರೆಯಾಗಿ ಕಾಣುತ್ತವೆ, ತೊಂದರೆಯಿಲ್ಲ. ಆದರೆ ಚಿನ್ನದ ಎರಡನೇ ಮೊನೆ 11.44, ಆರ್ಸೆನಿಕ್‌ನ ಎರಡನೆಯದು 11.73, ಆರ್ಸೆನಿಕ್ ವಿಪರೀತವಾಗಿರುವ ಕಣದಲ್ಲಿ 11ರ ಆಚೆ ಕಂಡದ್ದನ್ನೆಲ್ಲ ಚಿನ್ನವೆಂದು ಕುಣಿಯಬೇಡಿ. ಸತುವಿನ 9.57 ಚಿನ್ನದ ಮೊದಲ ಮೊನೆಯ ಪಕ್ಕದಲ್ಲೇ ಇದೆ ಎಂಬುದೂ ನೆನಪಿರಲಿ. ಇನ್ನು ಗಾತ್ರದ ಮಾತು: 10 ಮೈಕ್ರಾನಿನ ಚಿನ್ನದ ಕಣದ ಮೇಲೆ 30 ಮೈಕ್ರಾನಿನ ಚುಕ್ಕೆ ಬಿದ್ದರೆ ಕಣ ತುಂಬುವುದು ಚುಕ್ಕೆಯ ಒಂಬತ್ತನೇ ಒಂದು ಭಾಗ ಮಾತ್ರ. ಶುದ್ಧ ಚಿನ್ನವೇ ಇದ್ದರೂ ಯಂತ್ರ "ಸ್ವಲ್ಪ ಚಿನ್ನ, ಬಹಳ ಕಲ್ಲು" ಎನ್ನುತ್ತದೆ. ಕಣ ಎಲ್ಲಿದೆ ಎಂದು ತೋರಿಸಲು ಈ ಯಂತ್ರ ಒಳ್ಳೆಯದು. ಅದರ ಶುದ್ಧತೆ ಹೇಳಲು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಳಿಸಿ.

ಇಯುವಿಯ ಕಡೆ ಹೋಗುವವರಿಗೆ

ಎಂಎಸ್ಸಿ ಹುಡುಗರು ಕೇಳುತ್ತಾರೆ, ಇದೇ ಗಾಜಿನ ಕೊಳವೆ ಅತಿ ನೇರಳಾತೀತದ ತುತ್ತತುದಿಯ ಕಿರಣಕ್ಕೂ, ಅಂದರೆ ಇಯುವಿಗೂ ಆಗುತ್ತದೆಯೇ ಎಂದು. ಆಗುತ್ತದೆ, ಆದರೆ ಅಲ್ಲಿಯ ಲೋಕವೇ ಬೇರೆ. ಚಿಪ್ ತಯಾರಿಕೆಯಲ್ಲಿ ಬಳಸುವ 13.5 ನ್ಯಾನೋಮೀಟರ್ ಕಿರಣದ ಶಕ್ತಿ 92 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಮಿತಿಕೋನ ಡಿಗ್ರಿಯ ಚೂರಲ್ಲ, ಹತ್ತು ಡಿಗ್ರಿ ದಾಟುತ್ತದೆ, ಹಾಗಾಗಿ ಹೊಂದಿಸುವುದು ಎಷ್ಟೋ ಸುಲಭ. ಕಷ್ಟ ಇನ್ನೊಂದು ಕಡೆ ಬರುತ್ತದೆ. ಗಾಳಿ, ಪೊರೆ, ಕಿಟಕಿ ಎಲ್ಲವೂ ಅದನ್ನು ನುಂಗುತ್ತವೆ. ಒಳ್ಳೆಯ ವ್ಯಾಕ್ಯೂಮ್ ಇಲ್ಲದೆ ಹೆಜ್ಜೆ ಇಡುವಂತಿಲ್ಲ. ಕೊಳವೆಯ ಒಳಮೈಗೆ ಕಾರ್ಬನ್ ಹತ್ತಿದರೂ ಪ್ರತಿಫಲನ ಕುಗ್ಗುತ್ತದೆ, ಆದ್ದರಿಂದ ಎಣ್ಣೆಯ ಪಂಪ್ ಬೇಡ. ಕಿರಿದಾದ ಕೊಳವೆಯಿಂದ ಒಂದು ಲಾಭವೂ ಇದೆ: ಅನಿಲ ಅದರಲ್ಲಿ ನಿಧಾನಕ್ಕೆ ಹರಿಯುವುದರಿಂದ, ಅನಿಲ ತುಂಬಿದ ಕಿರಣಮೂಲವನ್ನೂ ಶುದ್ಧ ವ್ಯಾಕ್ಯೂಮಿನ ಅಳತೆ ಕೋಣೆಯನ್ನೂ ಕಿಟಕಿಯಿಲ್ಲದೆ ಬೇರ್ಪಡಿಸಬಹುದು. ಹೆಸರಿನಿಂದ ಗೊಂದಲ ಆಗದಿರಲಿ: 1994ರಲ್ಲಿ ಕೊಲೊರಾಡೊದಲ್ಲಿ ಮೊದಲು ತೋರಿಸಿದ 46.9 ನ್ಯಾನೋಮೀಟರ್ ಲೇಸರ್‌ಗೂ "ಕ್ಯಾಪಿಲರಿ" ಎನ್ನುತ್ತಾರೆ. ಅಲ್ಲಿ ಕೊಳವೆ ಕಿರಣವನ್ನು ಬಾಗಿಸುವುದಿಲ್ಲ. ಅದರೊಳಗೆ ಆರ್ಗಾನ್ ಅನಿಲಕ್ಕೆ ಭಾರೀ ವಿದ್ಯುತ್ ಹರಿಸಿ ಕಿರಣ ಹುಟ್ಟಿಸುತ್ತಾರೆ.

ವರದಿಯಲ್ಲಿ ಬರೆಯಬೇಕಾದ್ದು

ನಕ್ಷೆಯ ಹೆಜ್ಜೆಯನ್ನು ಚುಕ್ಕೆಯ ಅರ್ಧಕ್ಕಿಂತ ಚಿಕ್ಕದು ಮಾಡಿದರೆ ಚಿತ್ರ ನಯವಾಗಿ ಕಾಣುತ್ತದೆಯೇ ಹೊರತು ಹೊಸ ವಿವರ ಹೆಚ್ಚಾಗಿ ಸಿಗುವುದಿಲ್ಲ. ಗ್ರಾಹಕರು ಹೆಜ್ಜೆಯನ್ನೇ ಸೂಕ್ಷ್ಮತೆ ಎಂದುಕೊಳ್ಳುತ್ತಾರೆ, ಆದ್ದರಿಂದ ಎರಡನ್ನೂ ಬೇರೆಬೇರೆ ಬರೆಯಿರಿ. ಟ್ಯೂಬಿನ ಗುರಿಲೋಹ, ವೋಲ್ಟೇಜು, ಕರೆಂಟು, ಫಿಲ್ಟರ್, ಗಾಳಿಯಲ್ಲೋ ವ್ಯಾಕ್ಯೂಮಿನಲ್ಲೋ, ಅಂದಿನ ಅಕ್ರಿಲಿಕ್ ಎಣಿಕೆ, ಇವಿಷ್ಟು ಇರಲಿ. ನಾವೀಗ ಪ್ರತಿ ನಕ್ಷೆಯ ಕೆಳಗೆ ಒಂದು ಸಾಲು ಸೇರಿಸುತ್ತೇವೆ, ದೊಡ್ಡಕ್ಷರದಲ್ಲೇ: "ಮ್ಯಾಂಗನೀಸ್‌ಗೆ ಚುಕ್ಕೆಯ ಅಗಲ ಸುಮಾರು 46 ಮೈಕ್ರಾನ್, ಟೈಟಾನಿಯಂ, ತಾಮ್ರ, ಜಿರ್ಕೋನಿಯಂ ಅಂಚುಗಳ ಅಳತೆಯಿಂದ ಪಡೆದದ್ದು. ಇದಕ್ಕಿಂತ ಕಿರಿದಾದ ಪಟ್ಟೆಯ ಅಗಲವನ್ನು ಈ ನಕ್ಷೆಯಿಂದ ನೇರವಾಗಿ ಓದಬಾರದು." ಲೆನ್ಸ್ ಮುಟ್ಟಿದಾಗಲೆಲ್ಲ ಆ 46ನ್ನು ಮತ್ತೆ ಅಳೆದು ತಿದ್ದುತ್ತೇವೆ.